ವೆಂಡೆಲ್ ಕುಚೆರಾನ ಎರಡನೆಯ ಹಟ್

ಟೇಬರ್ ಕ್ರಾಸಿಂಗ್ ಹೈಸ್ಕೂಲಿನ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಚೆಂಡು ಹಿಡಿದು ಓಡುವ ಹುಡುಗರ ಹೆಸರು ಊರಿನ ಕ್ಷೌರದಂಗಡಿಗೂ ಗೊತ್ತು. ಅವರಿಗೆ ದಾರಿ ಮಾಡಿಕೊಡಲು ಮುಂದೆ ಸಾಲಾಗಿ ಬಗ್ಗಿ, ಎದುರಾಳಿಗಳಿಂದ ಗುದ್ದಿಸಿಕೊಳ್ಳುವ ಐದು ಮಂದಿ ದಡಿಯರ ಹೆಸರು ಮಾತ್ರ ಅವರ ತಾಯಂದಿರನ್ನೂ ವೆಂಡೆಲ್ ಕುಚೆರಾನನ್ನೂ ಬಿಟ್ಟರೆ ಇನ್ಯಾರಿಗೂ ಬೇಕಿಲ್ಲ. ಇಪ್ಪತ್ತಾರು ವರ್ಷಗಳಿಂದ ಆ ಐವರು ಅವನ ಪಾಲಿನವರು. ವರ್ಷವರ್ಷ ಹುಡುಗರು ಬದಲಾಗುತ್ತಾರೆ, ತಂಡದ ಮುಖ್ಯ ಕೋಚ್‌ಗಳು ಬಂದು ಹೋಗುತ್ತಾರೆ, ವೆಂಡೆಲ್ ಮಾತ್ರ ಅದೇ ಹಳೆಯ ಹಸಿರು ಜಾಕೆಟ್ಟಿನಲ್ಲಿ ಸಾಲಿನ ಹಿಂದೆ ಕುಕ್ಕರಗಾಲಲ್ಲಿ ಕೂತಿರುತ್ತಾನೆ.

ಹೊಟ್ಟೆಪಾಡಿಗೆ ಅವನು ರೈತರ ಸಹಕಾರ ಸಂಘದ ಧಾನ್ಯದ ಉಗ್ರಾಣದಲ್ಲಿ ಕೆಲಸ ಮಾಡುತ್ತಾನೆ. ಜೋಳ ಒಣಗಿಸುವ ದೈತ್ಯ ಫ್ಯಾನುಗಳ ಕೆಳಗೆ ಮೂವತ್ನಾಲ್ಕು ವರ್ಷ ದುಡಿದಿದ್ದಾನೆ. ಬೆಳಿಗ್ಗೆ ಆರಕ್ಕೆ ಹೋದರೆ ಮೂರಕ್ಕೆ ಬಿಡುವು. ಮೂರೂಕಾಲಿಗೆ ಮೈದಾನ. ಮೈಮೇಲೆ ಜೋಳದ ಹೊಟ್ಟಿನ ದೂಳು ಹಾಗೇ ಇರುತ್ತದೆ.

ಅವನು ಕಲಿಸುವುದು ಮುಖ್ಯವಾಗಿ ಒಂದೇ ವಿದ್ಯೆ: ಅಲ್ಲಾಡದೆ ಇರುವುದು. ಹೇಳಲು ಸುಲಭ. ಒಂದು ಕೈ ನೆಲಕ್ಕೆ ಊರಿ ಬಗ್ಗಿದ ಮೇಲೆ, ಚೆಂಡು ಚಲಿಸುವವರೆಗೆ, ಮೂಗಿನ ಮೇಲೆ ಜೇನುನೊಣ ಕೂತರೂ ಸರಿ, ಎದುರಿಗಿದ್ದವನು ನಿನ್ನ ಮನೆಯ ಹೆಣ್ಣುಮಕ್ಕಳನ್ನೆಲ್ಲ ಎತ್ತಿ ಆಡಿದರೂ ಸರಿ, ಕಲ್ಲಿನಂತಿರಬೇಕು. ಬೆರಳು ಎದ್ದರೆ ಸಾಕು, ಅಂಪೈರು ಹಳದಿ ಬಟ್ಟೆ ಎಸೆಯುತ್ತಾನೆ, ತಂಡ ಐದು ಗಜ ಹಿಂದೆ ಹೋಗುತ್ತದೆ. ಐದು ಗಜ ಏನು ಮಹಾ ಎನ್ನುವವರು ತಮ್ಮಷ್ಟೇ ದಪ್ಪದ ಒಬ್ಬನನ್ನು ಒಂದು ಗಜ ತಳ್ಳಿ ನೋಡಲಿ, ಆಮೇಲೆ ಮಾತಾಡೋಣ.

ಚೆಂಡು ಯಾವಾಗ ಚಲಿಸುತ್ತದೆ ಎಂಬುದು ಗುಟ್ಟು. ಆಟಗಾರರು ತಲೆಗೆ ತಲೆ ಕೊಟ್ಟು ಗುಂಪಾಗಿ ನಿಂತಾಗ ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಪಿಸುಗುಡುತ್ತಾನೆ: ‘ಎರಡನೆಯದಕ್ಕೆ.’ ಆಮೇಲೆ ಸಾಲಿನ ಹಿಂದೆ ನಿಂತು ‘ಡೌನ್, ಸೆಟ್, ಹಟ್, ಹಟ್’ ಎಂದು ಕೂಗುತ್ತಾನೆ. ಎರಡನೆಯ ಹಟ್‌ಗೆ ಚೆಂಡು ಹಿಂದಕ್ಕೆ ಚಿಮ್ಮುತ್ತದೆ, ಐವರೂ ಒಟ್ಟಿಗೆ ನುಗ್ಗುತ್ತಾರೆ. ಯಾವ ಹಟ್ ಎಂಬುದು ಎದುರಾಳಿಗೆ ಗೊತ್ತಿಲ್ಲ. ದೇವರು ಆ ಐವರಿಗೆ ಕೊಟ್ಟ ಒಂದೇ ಅನುಕೂಲ ಅದು.

‘ಕೇಳಿಸ್ಕೊಂಡು ಹೊರಟರೆ ಕೆಟ್ರಿ ಕಣ್ರೋ’ ಎಂದು ವೆಂಡೆಲ್ ಪ್ರತಿ ಆಗಸ್ಟಿನಲ್ಲೂ ಹೊಸ ಹುಡುಗರಿಗೆ ಹೇಳುತ್ತಾನೆ. ‘ಕಿವಿಗೆ ಬಿದ್ದು, ತಲೆಗೆ ಏರಿ, ಕಾಲಿಗೆ ಇಳಿಯೋ ಹೊತ್ತಿಗೆ ಎದುರಿನೋನು ನಿಮ್ಮ ಎದೆ ಮೇಲೆ ಕೂತಿರ್ತಾನೆ. ಎಣಿಕೆ ನಿಮ್ಮೊಳಗೇ ಇರ್ಬೇಕು. ಹಟ್ ಬರೋದೂ ನೀವು ಹೊರಡೋದೂ ಒಂದೇ ಆಗ್ಬೇಕು.’

ಅದಕ್ಕಾಗಿ ಅವನೇ ಎಣಿಕೆ ಕೂಗಿ ಕೂಗಿ ಅಭ್ಯಾಸ ಮಾಡಿಸುತ್ತಾನೆ. ಕೂಗುತ್ತ ಹುಡುಗರ ಹಿಮ್ಮಡಿ ನೋಡುತ್ತಾನೆ, ಮುಖ ನೋಡುವುದಿಲ್ಲ. ಎಣಿಕೆಗೆ ಮುಂಚೆಯೇ ಹಾರುವವನ ಹಿಮ್ಮಡಿ ಕೈಗಿಂತ ಮೊದಲು ಏಳುತ್ತದಂತೆ. ಒಬ್ಬ ಹಾರಿದರೆ ಐವರೂ ಬೇಲಿಯವರೆಗೆ ಓಡಿ ಬರಬೇಕು. ಹಿಂದಿನ ವರ್ಷ ಇಡೀ ಸೀಸನ್ನಿನಲ್ಲಿ ಅವನ ಸಾಲಿಗೆ ಬಿದ್ದ ಹಳದಿ ಬಟ್ಟೆ ಬರೀ ನಾಲ್ಕು. ಈ ವರ್ಷ ಅಕ್ಟೋಬರ್ ಮುಗಿಯುವುದರೊಳಗೆ ಹನ್ನೊಂದು. ಅದರಲ್ಲಿ ಒಂಬತ್ತು ಒಬ್ಬನದೇ.

ಆ ಒಬ್ಬನ ಹೆಸರು ಎಲಿಸೆಯೊ ಬರ್ರಾಗಾನ್. ಈ ವರ್ಷವಷ್ಟೇ ಪಂದ್ಯಕ್ಕಿಳಿದ, ಸಾಲಿನ ಎಡತುದಿಯವನು. ಮೂರು ವರ್ಷದ ಹಿಂದೆ ಸ್ಪ್ಯಾನಿಷ್ ಮಾತಾಡುವ ತಾಯಿ ರೊಸಾಲ್ಬಾಳ ಜೊತೆ ಊರಿಗೆ ಬಂದವನು. ಅವಳು ಹೆದ್ದಾರಿಯ ಆಚೆಗಿನ ಮಾಂಸದ ಕಾರ್ಖಾನೆಯಲ್ಲಿ ಮೂಳೆ ಬಿಡಿಸುವ ಕೆಲಸಕ್ಕಿದ್ದಳು. ಬರುವ ತನಕ ಹುಡುಗ ಕಂಡಿದ್ದು ಕಾಲಲ್ಲಿ ಒದೆಯುವ ಫುಟ್‌ಬಾಲ್ ಮಾತ್ರ. ಶಾಲೆಯ ಕಾರಿಡಾರಿನಲ್ಲಿ ಬಾಗಿಲ ಚೌಕಟ್ಟಿಗೆ ತಲೆ ತಗ್ಗಿಸಿ ಬರುತ್ತಿದ್ದ ಅವನನ್ನು ನೋಡಿ ವೆಂಡೆಲ್‌ನ ಬಾಯಲ್ಲಿ ನೀರೂರಿತ್ತು. ಎರಡು ವರ್ಷದಿಂದ, ಎಲ್ಲರೂ ಮನೆಗೆ ಹೋದ ಮೇಲೆ, ಇಬ್ಬರೂ ದಿನಕ್ಕೆ ನಲವತ್ತು ನಿಮಿಷ ಹೆಚ್ಚಿಗೆ ನಿಲ್ಲುತ್ತಿದ್ದರು. ವೆಂಡೆಲ್ ಕೂಗುವುದು, ಹುಡುಗ ಹೊರಡುವುದು. ಮತ್ತೆ ಕೂಗುವುದು, ಮತ್ತೆ ಹೊರಡುವುದು. ಎಲಿಸೆಯೊ ಒಂದು ದಿನವೂ ತಪ್ಪಿಸಿದವನಲ್ಲ.

ಹಾಗೆ ತಿದ್ದಿ ತೀಡಿದ ಹುಡುಗನೇ ಹೀಗೆ ಹಾರುತ್ತಾನಲ್ಲ ಎಂದು ವೆಂಡೆಲ್‌ಗೆ ಸಂಕಟ. ಊರಿಗೆ ಮಾತ್ರ ಅದು ನಗೆಪಾಟಲು. ಸಹಕಾರ ಸಂಘದ ಕಾಫಿ ಮೇಜಿನಲ್ಲಿ ಬೀಜದ ವ್ಯಾಪಾರಿ ಗೇಲೆನ್ ತೇಸರ್ ದಿನಾ ಬೆಳಿಗ್ಗೆ ಅದನ್ನೇ ಎತ್ತುತ್ತಿದ್ದ.

‘ಏನೋ ವೆಂಡೆಲ್, ನಿನ್ನ ಹುಡುಗ ಸ್ಪ್ಯಾನಿಷ್‌ನಲ್ಲಿ ಎಣಿಸ್ತಾನಂತೆ? ಅವರ ಎರಡು ನಮ್ಮ ಎರಡಕ್ಕಿಂತ ಬೇಗ ಬರುತ್ತೇನೋ!’

ಮೇಜು ಪೂರ್ತಿ ಗೊಳ್ಳೆಂದು ನಕ್ಕಿತು. ವೆಂಡೆಲ್‌ಗೆ ಮಾತು ಅರ್ಧ ಕೇಳಿಸಿತು, ನಗು ಕಾಣಿಸಿತು. ಹಾಗಾಗಿ ಅವನೂ ನಕ್ಕ. ಕೆಲವು ವರ್ಷಗಳಿಂದ ಅವನು ಹೀಗೇ ಬದುಕುತ್ತಿದ್ದ. ಎಲ್ಲರೂ ನಕ್ಕರೆ ನಗುವುದು, ಯಾರಾದರೂ ತುಟಿ ಅಲ್ಲಾಡಿಸಿ ಮುಖ ನೋಡಿದರೆ ‘ಹೂಂ, ಸರಿ ಸರಿ’ ಎನ್ನುವುದು. ಇದರಿಂದ ಜಗತ್ತಿನ ಮುಕ್ಕಾಲು ಕೆಲಸ ನಡೆದುಹೋಗುತ್ತದೆ. ಉಳಿದ ಕಾಲು ಭಾಗದಲ್ಲಿ ಏನೇನು ಅನಾಹುತವಾಗುತ್ತದೋ ಅದು ತಡವಾಗಿ ಗೊತ್ತಾಗುತ್ತದೆ.

ಅಕ್ಟೋಬರ್ ಕೊನೆಯ ಲೀಗ್ ಪಂದ್ಯದಲ್ಲಿ ಎಲಿಸೆಯೊ ಎರಡು ಸಲ ಹಾರಿದ, ಆ ಒಂಬತ್ತರಲ್ಲಿ ಕೊನೆಯವು. ಎರಡನೆಯದು ಅಂಕ ಗಳಿಸುವ ಗೆರೆಯಿಂದ ಎರಡೇ ಗಜ ದೂರದಲ್ಲಿ. ತಂಡ ಹೇಗೋ ಗೆದ್ದು ನಾಕೌಟಿಗೆ ಬಂತು. ಆದರೆ ಮುಖ್ಯ ಕೋಚ್ ಟ್ರೆಂಟ್ ಹಾಲ್ವರ್ಸನ್ ಶನಿವಾರ ಬೆಳಿಗ್ಗೆಯೇ ತೀರ್ಮಾನ ಹೇಳಿಬಿಟ್ಟ: ಶುಕ್ರವಾರದ ನಾಕೌಟ್ ಪಂದ್ಯಕ್ಕೆ ಎಡತುದಿಯಲ್ಲಿ ಕೋಲ್ಬಿ ಎಂಬ ಚಿಕ್ಕ ತರಗತಿಯ ಹುಡುಗ. ಎಲಿಸೆಯೊ ಬೆಂಚಿಗೆ. ಸೋತರೆ ಸೀಸನ್ ಅಲ್ಲಿಗೆ ಮುಗಿಯಿತು. ಎಲಿಸೆಯೊ ಕೊನೆಯ ವರ್ಷದವನು. ಇನ್ನೊಂದು ಸಲ ಹೆಲ್ಮೆಟ್ ಹಾಕುವ ಭಾಗ್ಯ ಅವನಿಗೆ ಈ ಜನ್ಮದಲ್ಲಿ ಇಲ್ಲ.

ಸುದ್ದಿ ತಿಳಿಸುವ ಕೆಲಸವನ್ನು ವೆಂಡೆಲ್ ತಾನೇ ವಹಿಸಿಕೊಂಡ. ಬಟ್ಟೆ ಬದಲಿಸುವ ಕೋಣೆಯ ಹೊರಗೆ ಹುಡುಗನ ಭುಜ ಹಿಡಿದು ‘ನಿನ್ನಿಂದ ಆಗ್ತಿಲ್ಲ ಮಗನೇ’ ಎಂದ. ಹುಡುಗ ನೆಲ ನೋಡುತ್ತ ಏನೋ ಹೇಳಿದ. ವೆಂಡೆಲ್ ‘ಹೂಂ, ಸರಿ ಸರಿ’ ಎಂದು ಬೆನ್ನು ತಟ್ಟಿದ. ಹುಡುಗ ಒಂದು ಗಳಿಗೆ ಅವನ ಮುಖವನ್ನೇ ನೋಡಿ ಹೊರಟುಹೋದ.

ಭಾನುವಾರ ಚರ್ಚಿನಿಂದ ಬಂದವನು ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತ. ಕ್ವಾರ್ಟರ್‌ಬ್ಯಾಕ್ ಬ್ರೈಸ್‌ನ ಅಪ್ಪ ಪ್ರತಿ ಪಂದ್ಯದಲ್ಲೂ ಗೆರೆಯ ಪಕ್ಕದಲ್ಲೇ ನಿಂತು ಫೋನಿನಲ್ಲಿ ವಿಡಿಯೋ ಹಿಡಿಯುತ್ತಿದ್ದ. ವೆಂಡೆಲ್ ಎಂದಿನಂತೆ ಸದ್ದು ಆರಿಸಿ, ಎಲಿಸೆಯೊ ಹಾರಿದ ಒಂಬತ್ತೂ ಸಲವನ್ನು ಒಂದರ ಹಿಂದೆ ಒಂದು ನೋಡಿದ. ಹಿಮ್ಮಡಿ ಏಳುವುದನ್ನು ನೋಡಿದ. ಮತ್ತೆ ಮೊದಲಿಂದ ನೋಡಿದ.

ಮೂರನೆಯ ಸಲ ನೋಡುವಾಗ ಅವನಿಗೆ ಏನೋ ಚುರುಕ್ಕೆಂದಿತು. ಮೊದಲನೆಯ ಹಟ್‌ಗೆ ಚೆಂಡು ಬಂದಾಗ ಈ ಹುಡುಗ ಒಂದು ಸಲವೂ ಹಾರಿಲ್ಲ. ಒಂಬತ್ತೂ ಎರಡನೆಯ ಹಟ್‌ನವೇ. ಅದೂ ಅಷ್ಟಷ್ಟೇ ಮುಂಚೆ, ಅಳೆದಿಟ್ಟ ಹಾಗೆ. ಹೆದರಿ ಹಾರುವವನು ಒಮ್ಮೆ ಹೀಗೆ, ಒಮ್ಮೆ ಹಾಗೆ ಹಾರುತ್ತಾನೆ. ಇವನು ಹೆದರಿದವನಲ್ಲ. ಇವನು ಯಾವುದೋ ಒಂದು ಎಣಿಕೆಯನ್ನು ಕರಾರುವಾಕ್ಕಾಗಿ ಪಾಲಿಸುತ್ತಿದ್ದಾನೆ. ಆ ಎಣಿಕೆ ಯಾರದು?

‘ಲವೋನ್! ಬಾ ಇಲ್ಲಿ!’ ಎಂದು ಹೆಂಡತಿಯನ್ನು ಕರೆದ.

ಲವೋನ್ ಆ ಊರಿನ ಚರ್ಚಿನಲ್ಲಿ ಮೂವತ್ತು ವರ್ಷದಿಂದ ಆರ್ಗನ್ ನುಡಿಸುವವಳು. ಬೆಳಗಿನ ಪ್ರಾರ್ಥನೆಗೂ ಅವಳೇ, ಮಧ್ಯಾಹ್ನದ ಸ್ಪ್ಯಾನಿಷ್ ಪ್ರಾರ್ಥನೆಗೂ ಅವಳೇ. ತಾಳ ತಪ್ಪಿದವರನ್ನು ಅವಳು ಪಾದ್ರಿಯಾದರೂ ಬಿಡುವುದಿಲ್ಲ.

‘ಕೂಗ್ಬೇಡ, ನನಗೆ ಕಿವಿ ಇದೆ’ ಎನ್ನುತ್ತ ಬಂದಳು.

‘ಇದಕ್ಕೆ ಸದ್ದು ಹಾಕು. ಬ್ರೈಸ್ ಎಣಿಕೆ ಕೂಗ್ತಾನಲ್ಲ, ಅದನ್ನ ಮೇಜಿನ ಮೇಲೆ ಬಡಿದು ತೋರಿಸು.’

ಅವಳು ಎರಡು ಸಲ ಕೇಳಿಸಿಕೊಂಡು ಬಲಗೈ ಬೆರಳಿನಿಂದ ಬಡಿದಳು. ‘ಈಗ ನೀನು ಹೇಳು. ಮೈದಾನದಲ್ಲಿ ಹೇಳೋ ಹಾಗೇ.’

ಭಾನುವಾರದ ಅಂಗಿಯಲ್ಲೇ ಎದ್ದುನಿಂತ ವೆಂಡೆಲ್ ಕಿಟಕಿ ಗಾಜು ನಡುಗುವಂತೆ ಕೂಗಿದ: ‘ಡೌನ್! ಸೆಟ್! ಹಟ್! ಹಟ್!’

ಲವೋನ್ ಎಡಗೈಯಿಂದ ಬಡಿದಳು.

‘ಎರಡೂ ಒಂದೇ ಅಲ್ವಾ?’ ಎಂದ ವೆಂಡೆಲ್.

ಅವಳು ಅವನ ಅಂಗೈಯನ್ನು ಎಳೆದು ಮೇಜಿನ ಹಲಗೆಗೆ ಒತ್ತಿ ಹಿಡಿದಳು. ಮೊದಲು ಬಲಗೈಯ ಎರಡು ಪೆಟ್ಟು, ಆಮೇಲೆ ಎಡಗೈಯ ಎರಡು ಪೆಟ್ಟು. ಮತ್ತೆ ಅದೇ, ಮತ್ತೆ ಅದೇ. ಬ್ರೈಸ್‌ನ ಎರಡು ಹಟ್‌ಗಳ ನಡುವೆ ಒಂದು ಉಸಿರಿನಷ್ಟು ಜಾಗವಿತ್ತು. ತನ್ನವುಗಳ ನಡುವೆ ಅರ್ಧ ಉಸಿರೂ ಇರಲಿಲ್ಲ. ಕಿವಿ ಒಪ್ಪದ್ದನ್ನು ಅಂಗೈ ಒಪ್ಪಿತು.

‘ಹಿಂದಿನ ಬೆಂಚಲ್ಲಿ ಕೂತು ಹಾಡೋ ಮುದುಕರು ಹೀಗೇ ಮಾಡ್ತಾರೆ’ ಎಂದಳು ಲವೋನ್, ಅವನಿಗೆ ತುಟಿ ಕಾಣುವಂತೆ ಎದುರಿಗೆ ಕೂತು. ‘ತಮ್ಮ ದನಿ ತಮಗೇ ಕೇಳ್ಸಲ್ಲ, ನಡುವಿನ ಬಿಡುವನ್ನ ನುಂಗಿಬಿಡ್ತಾರೆ. ಕಿವಿ ತೋರಿಸ್ಕೋ ಅಂತ ನಾಲ್ಕು ವರ್ಷದಿಂದ ಹೇಳ್ತಾನೇ ಇದ್ದೀನಿ.’

‘ನೀನು ಹೇಳಿದ್ದು ನೆನಪೇ ಇಲ್ಲ.’

‘ಕೇಳಿಸಿದ್ರೆ ತಾನೇ ನೆನಪಿರೋದು?’

ಇಬ್ಬರಿಗೂ ನಗು ಬಂತು. ವೆಂಡೆಲ್‌ನ ನಗು ಬೇಗ ನಿಂತಿತು. ಉಳಿದ ನಾಲ್ವರು ಹುಡುಗರು ಬ್ರೈಸ್‌ನ ಜೊತೆ ಐದನೆಯ ತರಗತಿಯಿಂದ ಆಡುತ್ತ ಬಂದವರು. ಅವನ ಎಣಿಕೆ ಅವರ ಮೂಳೆಯಲ್ಲಿತ್ತು. ವೆಂಡೆಲ್ ಏನು ಕೂಗಿದರೂ ಅವರಿಗೆ ನಾಟುತ್ತಿರಲಿಲ್ಲ. ಎಲಿಸೆಯೊ ಒಬ್ಬನೇ ಈ ಆಟವನ್ನು ಪೂರ್ತಿಯಾಗಿ ವೆಂಡೆಲ್‌ನ ಬಾಯಿಂದ ಕಲಿತವನು, ದಿನಾ ನಲವತ್ತು ನಿಮಿಷ ಹೆಚ್ಚಿಗೆ. ಎಲ್ಲರಿಗಿಂತ ಚೆನ್ನಾಗಿ ಕಲಿತವನೇ ಹಾರುತ್ತಿದ್ದ. ವೆಂಡೆಲ್ ಕಲಿಸಿದ್ದನ್ನೇ ಅವನು ಕಲಿತಿದ್ದ.

ಸೋಮವಾರ ಬೆಳಿಗ್ಗೆ ಫ್ಯಾನುಗಳ ಕೆಳಗೆ ನಿಂತಾಗ, ಇದನ್ನು ಯಾರಿಗೂ ಹೇಳದಿದ್ದರೆ ಏನಾಗುತ್ತದೆ ಎಂದು ವೆಂಡೆಲ್ ಲೆಕ್ಕ ಹಾಕಿದ. ಏನೂ ಆಗುವುದಿಲ್ಲ. ಕೋಲ್ಬಿ ಆಡುತ್ತಾನೆ. ಎಲಿಸೆಯೊ ಬೇಸಿಗೆಯಲ್ಲಿ ಶಾಲೆ ಮುಗಿಸಿ ಹೋಗುತ್ತಾನೆ. ವೆಂಡೆಲ್ ಗುಟ್ಟಾಗಿ ಕಿವಿಗೆ ಯಂತ್ರ ಹಾಕಿಸಿಕೊಂಡು ಇಪ್ಪತ್ತೇಳನೆಯ ವರ್ಷಕ್ಕೆ ಬರುತ್ತಾನೆ. ಹೇಳಿದರೆ? ಎಣಿಕೆ ಕೇಳಿಸದ ಮನುಷ್ಯನಿಗೆ ಸಾಲನ್ನು ಯಾರು ಕೊಡುತ್ತಾರೆ? ಆ ಐವರನ್ನು ತೆಗೆದರೆ ಅವನಲ್ಲಿ ಉಳಿಯುವುದು ಜೋಳದ ಹೊಟ್ಟು. ಇದನ್ನೆಲ್ಲ ಯೋಚಿಸಿದ್ದಕ್ಕೆ ಅವನನ್ನು ಹೀನಾಯವಾಗಿ ಕಾಣಬೇಕಿಲ್ಲ. ಯೋಚಿಸದವರು ಯಾರಾದರೂ ಇದ್ದರೆ ಅವರ ಕಾಲಿಗೆ ಬೀಳೋಣ.

ಮೂರಕ್ಕೆ ಕೆಲಸ ಬಿಟ್ಟವನು ನೇರವಾಗಿ ಟ್ರೆಂಟ್‌ನ ಕೋಣೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಟ್ರೆಂಟ್ ಹದಿನೈದು ವರ್ಷದ ಹಿಂದೆ ಇದೇ ಸಾಲಿನ ನಡುವೆ ಬಗ್ಗಿದವನು, ವೆಂಡೆಲ್‌ನ ಕೈಯಲ್ಲೇ ಪಳಗಿದವನು. ಈಗ ತಾನು ಮುಖ್ಯ ಕೋಚ್ ಆದರೂ ಇವನನ್ನು ಕರೆಯುವುದು ‘ಕೋಚ್’ ಎಂದೇ.

‘ಕೋಚ್, ಇದು ನಮ್ಮಿಬ್ಬರಲ್ಲೇ ಇರಲಿ’ ಎಂದ ಟ್ರೆಂಟ್. ‘ಪಂದ್ಯಕ್ಕೆ ನಾಲ್ಕು ದಿನ ಇಟ್ಕೊಂಡು ಹುಡುಗರ ಹತ್ರ ಇದೆಲ್ಲ ಹೇಳೋಕಾಗುತ್ತಾ? ಇಡೀ ಸಾಲು ಕಂಗಾಲಾಗುತ್ತೆ. ಕೋಲ್ಬಿ ಆಡ್ಲಿ ಬಿಡಿ. ಸೀಸನ್ ಮುಗೀಲಿ, ಎಲಿಸೆಯೊಗೆ ನಾನೇ ನಿಧಾನಕ್ಕೆ ಹೇಳ್ತೀನಿ. ನಿಮ್ಮ ಹೆಸರೂ ಕೆಡಲ್ಲ.’

‘ಇನ್ನೊಂದ್ಸಲ ಹೇಳು. ನಿನ್ನ ಬಾಯಿ ಕಾಣೋ ಹಾಗೆ ಹೇಳು’ ಎಂದ ವೆಂಡೆಲ್. ಹಾಗೆ ಬಾಯಿಬಿಟ್ಟು ಕೇಳಿದ್ದು ಅವನ ಜೀವನದಲ್ಲಿ ಅದೇ ಮೊದಲು.

ಟ್ರೆಂಟ್ ಇನ್ನೊಮ್ಮೆ ಹೇಳಿದ. ನಿಜ ಹೇಳಬೇಕೆಂದರೆ ವೆಂಡೆಲ್‌ಗೆ ಹಾಯೆನಿಸಿತು. ಕೋಣೆಯ ಬಾಗಿಲಿನಿಂದ ಮೈದಾನದ ಗೇಟಿನವರೆಗೆ ಅವನು ಹಗುರಾಗಿಯೇ ನಡೆದ. ಗೇಟಿನ ಬಳಿ ನೋಡಿದರೆ ಎಲಿಸೆಯೊ ಎಲ್ಲರಿಗಿಂತ ಮುಂಚೆ ಬಂದು, ಬೇಲಿಯವರೆಗೆ ಒಬ್ಬನೇ ಓಡುತ್ತಿದ್ದ. ಯಾರೂ ಓಡೆಂದು ಹೇಳಿರಲಿಲ್ಲ. ಉಳಿದವರು ಬರುವವರೆಗೆ ವೆಂಡೆಲ್ ಆ ಓಟಗಳನ್ನೇ ಎಣಿಸುತ್ತ ನಿಂತ.

ಐವರನ್ನೂ ಕೋಲ್ಬಿಯನ್ನೂ ಬ್ರೈಸ್‌ನನ್ನೂ ಕರೆದು ಸುತ್ತ ಕೂರಿಸಿಕೊಂಡ. ತನ್ನ ಕಿವಿ ಹೋಗಿದೆ ಎಂದ. ಎರಡನೆಯ ಹಟ್ ತನ್ನ ಬಾಯಲ್ಲಿ ಬೇಗ ಬರುತ್ತಿದೆ, ಎಷ್ಟು ವರ್ಷದಿಂದಲೋ ತನಗೇ ಗೊತ್ತಿಲ್ಲ ಎಂದ. ‘ಎಲಿಸೆಯೊ ಒಂಬತ್ತು ಸಲ ಹಾರಿದ್ದು ನನ್ನ ಎಣಿಕೆಗೆ. ಆ ಒಂಬತ್ತೂ ನನ್ನವು. ಅವನದು ಒಂದೂ ಇಲ್ಲ.’

ಎಲಿಸೆಯೊ ಎದ್ದ. ಹೆಲ್ಮೆಟ್ ತೆಗೆದು ಕಂಕುಳಲ್ಲಿಟ್ಟುಕೊಂಡು ವೆಂಡೆಲ್‌ನ ಮುಖಕ್ಕೆ ಮುಖ ಕೊಟ್ಟು ನಿಂತ. ಎಂದೂ ಜೋರಾಗಿ ಮಾತಾಡದ ಹುಡುಗ ಈಗ ಎಷ್ಟು ಜೋರಾಗಿ ಹೇಳಿದನೆಂದರೆ ಪ್ರತಿಯೊಂದು ಮಾತೂ ವೆಂಡೆಲ್‌ಗೆ ಕೇಳಿಸಿತು.

‘ನಾಲ್ಕು ಸಲ ಹೇಳಿದ್ದೆ ನಿಮಗೆ. ನಾನು ನೀವು ಕಲಿಸಿದ ಎಣಿಕೆಗೇ ಹೊರಟಿದ್ದು ಕೋಚ್, ನಿಮ್ಮದೂ ಬ್ರೈಸ್‌ದೂ ಬೇರೆ ಬೇರೆ ಇದೆ ಅಂತ. ಸೆಪ್ಟೆಂಬರ್‌ನಲ್ಲೇ ಹೇಳ್ದೆ. ಮೊನ್ನೆ ಶನಿವಾರಾನೂ ಹೇಳ್ದೆ. ಪ್ರತಿ ಸಲ ಹೂಂ, ಸರಿ ಸರಿ ಅಂದ್ರಿ. ಬೆನ್ನು ತಟ್ಟಿದ್ರಿ. ಆಮೇಲೆ ಬೇಲಿ ತನಕ ಓಡು ಅಂದ್ರಿ.’



‘ನಿಮಗೆ ಗೊತ್ತಿದ್ದೂ ಓಡಿಸ್ತಿದ್ದೀರಿ ಅಂದ್ಕೊಂಡೆ’ ಎಂದ ಹುಡುಗ. ‘ನಾನು ಈ ಊರಿನವನಲ್ವಲ್ಲ, ಅದಕ್ಕೇ ನನ್ನ ಮೇಲೆ ಹಾಕ್ತಿದ್ದೀರಿ ಅಂದ್ಕೊಂಡೆ.’

‘ಕೇಳಿಸ್ಲಿಲ್ಲ ಮಗನೇ. ಒಂದು ಸಲಾನೂ ಕೇಳಿಸ್ಲಿಲ್ಲ. ಕೇಳಿಸ್ಲಿಲ್ಲ ಅಂತ ಹೇಳೋಕೆ ನಾಚಿಕೆ ನನಗೆ’ ಎಂದ ವೆಂಡೆಲ್. ‘ತಪ್ಪಾಯ್ತು.’

ಹುಡುಗ ಹೆಲ್ಮೆಟ್ ಹಾಕಿಕೊಂಡು ದೂರ ಹೋಗಿ ನಿಂತ. ಯಾಕೆ ಕ್ಷಮಿಸಬೇಕಿತ್ತು? ಹತ್ತು ವಾರ ಇಡೀ ಊರಿನ ನಗೆಯನ್ನು ಹೊತ್ತವನು ಅವನು. ತಪ್ಪಾಯ್ತು ಎಂಬ ಒಂದು ಮಾತಿಗೆ ಅಷ್ಟೆಲ್ಲ ಇಳಿದುಬಿಡುವುದಿಲ್ಲ.

ಟ್ರೆಂಟ್ ಯಾವಾಗಲೋ ಹಿಂದೆ ಬಂದು ನಿಂತಿದ್ದ, ಎಲ್ಲವನ್ನೂ ಕೇಳಿಸಿಕೊಂಡಿದ್ದ. ಮುಖ ಕೆಂಪಾಗಿತ್ತು.

‘ಎಲಿಸೆಯೊ, ಎಡತುದಿಗೆ ನಿಲ್ಲು. ಬ್ರೈಸ್, ಇವತ್ತಿಂದ ಅಭ್ಯಾಸಕ್ಕೂ ನೀನೇ ಎಣಿಸು’ ಎಂದ. ಆಮೇಲೆ ಹುಡುಗನಿಗೆ ಕಟ್ಟುನಿಟ್ಟಾಗಿ ಹೇಳಿದ: ‘ಆದ್ರೆ ಒಂದು ಮಾತು. ಶುಕ್ರವಾರ ಒಂದೇ ಒಂದು ಹಳದಿ ಬಟ್ಟೆ ಬಿದ್ರೂ ಕೋಲ್ಬಿ ಒಳಗೆ ಬರ್ತಾನೆ. ತಪ್ಪು ಯಾರದ್ದೇ ಇರ್ಲಿ, ಐದು ಗಜ ಐದು ಗಜಾನೇ.’

ವೆಂಡೆಲ್ ಮೈದಾನದಿಂದ ತಾನಾಗಿಯೇ ಹೊರಗೆ ಬಂದ. ಹುಡುಗನ ಕಿವಿಗೂ ಬ್ರೈಸ್‌ನ ದನಿಗೂ ನಡುವೆ ತಾನು ಕಾಣಿಸಿಕೊಳ್ಳುವುದೂ ಬೇಡ ಎನಿಸಿತು. ಟ್ರೆಂಟ್ ತಡೆಯಲಿಲ್ಲ. ತಡೆದಿದ್ದರೆ ಎಂದು ವೆಂಡೆಲ್ ಆಸೆಪಟ್ಟದ್ದು ನಿಜ.

ಮರುದಿನ ಬೆಳಿಗ್ಗೆ ಕಾಫಿ ಮೇಜಿನಲ್ಲಿ ಗೇಲೆನ್ ತೇಸರ್ ಮತ್ತೆ ಸ್ಪ್ಯಾನಿಷ್ ಎಣಿಕೆ ಎತ್ತಿದ. ವೆಂಡೆಲ್ ಈ ಸಲ ನಗಲಿಲ್ಲ. ‘ಏನಂದೆ? ಜೋರಾಗಿ ಹೇಳು, ನನಗೆ ಕಿವಿ ಕೇಳ್ಸಲ್ಲ’ ಎಂದ.

ಗೇಲೆನ್‌ಗೆ ಜೋರಾಗಿ ಹೇಳಬೇಕಾಯಿತು. ಜೋರಾಗಿ ಹೇಳಿದಾಗ ಆ ಹಾಸ್ಯ ಮೊದಲಿನಷ್ಟು ಚೆನ್ನಾಗಿರಲಿಲ್ಲ.

‘ಅವನು ಎಣಿಸಿದ್ದು ನನ್ನ ಎಣಿಕೆ ಕಣೋ. ತಪ್ಪು ಕಲಿಸಿದೋನು ನಾನು. ನಗೋದಿದ್ರೆ ನನ್ನ ಮುಖ ನೋಡಿ ನಗು.’

‘ಇಷ್ಟಕ್ಕೆಲ್ಲ ಯಾಕಪ್ಪ ಸಿಟ್ಟು, ತಮಾಷೆಗೆ ಅಂದೆ’ ಎಂದು ಗೇಲೆನ್ ಗೊಣಗಿದ. ಯಾರೋ ಮಳೆಯ ಮಾತು ತೆಗೆದರು. ವೆಂಡೆಲ್ ಕಾಫಿ ಅರ್ಧಕ್ಕೇ ಬಿಟ್ಟು ಎದ್ದುಹೋದ.

ಎರಡು ವರ್ಷ ಕಲಿತದ್ದನ್ನು ನಾಲ್ಕು ದಿನದಲ್ಲಿ ಮರೆಯುವುದು ಹುಡುಗಾಟವಲ್ಲ. ಮಂಗಳವಾರ ಎಲಿಸೆಯೊ ಮೂರು ಸಲ ಹಾರಿದನಂತೆ. ಬುಧವಾರ ಒಂದು ಸಲ. ಗುರುವಾರವೂ ಒಂದು ಸಲ. ಬೇಲಿಯಾಚೆ ಪಿಕಪ್ಪಿನಲ್ಲಿ ಕೂತು ನೋಡುತ್ತಿದ್ದ ವೆಂಡೆಲ್ ಗುರುವಾರದ್ದನ್ನು ಕಣ್ಣಾರೆ ಕಂಡ. ಆ ಹಿಮ್ಮಡಿಯೊಳಗೆ ಇನ್ನೂ ತಾನೇ ಕೂತಿದ್ದೇನೆ ಎನಿಸಿ ಅವನಿಗೆ ರಾತ್ರಿಯ ಊಟ ಸೇರಲಿಲ್ಲ.

ಶುಕ್ರವಾರದ ಪಂದ್ಯ ಮಧ್ಯಾಹ್ನ ನಾಲ್ಕಕ್ಕೆ ಶುರು. ಎದುರಾಳಿಗಳು ಇನ್ನೂರು ಮೈಲಿ ದೂರದವರು, ಮತ್ತೆ ಬಸ್ಸಿನಲ್ಲಿ ಹಿಂದಿರುಗಬೇಕು. ಶಾಲೆಯ ಅಡುಗೆಯವರು ಬೀನ್ಸ್ ಹಾಕಿದ ಖಾರದ ಚಿಲ್ಲಿಯನ್ನೂ ಜೊತೆಗೆ ದಾಲ್ಚಿನ್ನಿಯ ಸಿಹಿ ಬನ್ನನ್ನೂ ಕಾಗದದ ತಟ್ಟೆಯಲ್ಲಿ ಮಾರುತ್ತಿದ್ದರು. ಇಪ್ಪತ್ತಾರು ವರ್ಷದಲ್ಲಿ ವೆಂಡೆಲ್ ಮೊದಲ ಸಲ ಪ್ರೇಕ್ಷಕರು ಕೂರುವ ಅಲ್ಯೂಮಿನಿಯಂ ಮೆಟ್ಟಿಲಿನ ಮೇಲೆ ಕೂತ. ಕುಂಡೆಗೆ ಚಳಿ ಕಚ್ಚುತ್ತದೆಂದು ಅಲ್ಲಿ ಕೂರುವವರು ಮೆತ್ತೆ ತರುತ್ತಾರೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ. ಒಂದು ಕಡೆ ಲವೋನ್. ಇನ್ನೊಂದು ಕಡೆ ರೊಸಾಲ್ಬಾ. ಚರ್ಚಿನ ಪರಿಚಯದಿಂದ ಲವೋನ್ ಅವಳನ್ನು ಕರೆತಂದು ಅಲ್ಲಿ ಕೂರಿಸಿದ್ದಳು. ರೊಸಾಲ್ಬಾ ಪಾಳಿ ಮುಗಿಸಿ ನೇರವಾಗಿ ಬಂದಿದ್ದಳು, ಮಗನ ಆಟ ನೋಡುತ್ತಿದ್ದುದು ಅದೇ ಮೊದಲು. ಚೆಂಡು ಎಲ್ಲಿದೆ ಎಂಬುದೂ ಅವಳಿಗೆ ತಿಳಿಯುತ್ತಿರಲಿಲ್ಲ. ಅವಳು ನೋಡುತ್ತಿದ್ದುದು ಎಡತುದಿಯ ಎಪ್ಪತ್ತನಾಲ್ಕನೇ ನಂಬರನ್ನು ಮಾತ್ರ.

ವೆಂಡೆಲ್ ನೋಡುತ್ತಿದ್ದುದೂ ಅದನ್ನೇ. ಅವನಿಗೆ ಒಂದು ಹಟ್ಟೂ ಕೇಳಿಸುತ್ತಿರಲಿಲ್ಲ. ಪ್ರತಿ ಸಲ ಸಾಲು ಬಗ್ಗಿದಾಗ ಅವನು ಉಸಿರು ಹಿಡಿಯುತ್ತಿದ್ದ, ಚೆಂಡು ಚಿಮ್ಮಿದಾಗ ಬಿಡುತ್ತಿದ್ದ. ಒಂದಾಯಿತು, ಹತ್ತಾಯಿತು, ಐವತ್ತಾಯಿತು. ಹಳದಿ ಬಟ್ಟೆ ಬೀಳಲಿಲ್ಲ.

ಕೊನೆಗೆ ಎರಡು ನಿಮಿಷ ಉಳಿದಿತ್ತು. ಟೇಬರ್ ಕ್ರಾಸಿಂಗ್ ಮೂರು ಅಂಕ ಮುಂದಿತ್ತು. ಇನ್ನು ಮೂರು ಗಜ ಹೋದರೆ ಚೆಂಡು ತಮ್ಮಲ್ಲೇ ಉಳಿಯುತ್ತದೆ, ಪಂದ್ಯ ಮುಗಿದಂತೆಯೇ. ಹೋಗದಿದ್ದರೆ ಚೆಂಡು ಎದುರಾಳಿಗೆ. ಅದಕ್ಕೆ ಟೇಬರ್ ಕ್ರಾಸಿಂಗಿಗೆ ಉಳಿದದ್ದು ಒಂದೇ ಯತ್ನ. ಸಾಲು ಬಗ್ಗಿತು. ಬ್ರೈಸ್‌ನ ಭುಜ ಏರಿಳಿಯುವ ರೀತಿ ನೋಡಿದ ಕೂಡಲೇ ವೆಂಡೆಲ್‌ಗೆ ಅರ್ಥವಾಯಿತು: ಈ ಸಲ ಚೆಂಡು ಚಲಿಸುವುದೇ ಇಲ್ಲ. ಟ್ರೆಂಟ್ ಹೇಳಿಕೊಟ್ಟಂತೆ ಬ್ರೈಸ್ ಸುಮ್ಮನೆ ಹಟ್ ಹಟ್ ಎಂದು ಬೊಬ್ಬೆ ಹೊಡೆಯುತ್ತಾನೆ. ಎದುರಾಳಿ ಮೋಸಹೋಗಿ ಗೆರೆ ದಾಟಿದರೆ ಐದು ಗಜ ಇವರಿಗೆ, ಬೇಕಿದ್ದ ಮೂರಕ್ಕಿಂತ ಹೆಚ್ಚು. ಇವರಲ್ಲೇ ಯಾರಾದರೂ ಮೋಸಹೋದರೆ ಎಲ್ಲ ಹೋಯಿತು. ಎರಡನೆಯ ಹಟ್‌ಗೆ ಹೊರಡುವುದನ್ನೇ ಕಲಿತ ಹುಡುಗನಿಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ.

‘ಟ್ರೆಂಟ್, ಬೇಡ ಕಣೋ’ ಎಂದು ವೆಂಡೆಲ್ ತನಗೇ ತಿಳಿಯದಂತೆ ಕೂಗಿದ.

ಬ್ರೈಸ್‌ನ ಭುಜ ಒಂದು ಸಲ ಏರಿತು. ಎರಡನೆಯ ಸಲ ಏರಿತು. ಎಡಗಡೆ ಏನೋ ಮಿಸುಕಿತು, ಹಳದಿ ಬಟ್ಟೆ ಗಾಳಿಯಲ್ಲಿ ಹಾರಿ ಎಲಿಸೆಯೊನ ಪಕ್ಕದಲ್ಲೇ ಬಿತ್ತು. ಮುಂದಿನ ಸಾಲಿನವರೆಲ್ಲ ಒಮ್ಮೆಲೇ ಎದ್ದುನಿಂತರು. ವೆಂಡೆಲ್‌ಗೆ ಮೈದಾನ ಕಾಣಿಸದಂತಾಯಿತು, ಬಾಯಿಗಳು ಮಾತ್ರ ಕಂಡವು. ಅವು ಸಂತೋಷಕ್ಕೆ ಕೂಗುತ್ತಿವೆಯೋ ಸಿಟ್ಟಿಗೆ ಕೂಗುತ್ತಿವೆಯೋ ಗೊತ್ತಾಗಲಿಲ್ಲ. ಬಟ್ಟೆ ಬಿದ್ದದ್ದು ಎಡಗಡೆಗೇ, ಹುಡುಗನ ಹತ್ತಿರವೇ. ಮುಗಿಯಿತು, ನಾನೇ ಮುಗಿಸಿದೆ ಎಂದುಕೊಂಡ. ಮೆಟ್ಟಿಲಿನ ಮೇಲೆ ಹತ್ತಿ ನಿಂತು ಇಣುಕಿದ.

ಎದುರಾಳಿಗಳ ಇಬ್ಬರು ಗೆರೆ ದಾಟಿ ಈಚೆ ಬಂದು ಬಿದ್ದಿದ್ದರು. ಅಂಪೈರಿನ ಕೈ ಅವರ ಕಡೆ ಚಾಚಿತ್ತು. ಅವರ ನಡುವೆ ಎಪ್ಪತ್ತನಾಲ್ಕನೇ ನಂಬರು ಒಂದು ಕೈ ನೆಲಕ್ಕೆ ಊರಿ, ತಲೆ ಎತ್ತಿ, ಮೊದಲಿದ್ದ ಹಾಗೇ ಇತ್ತು. ಶಿಳ್ಳೆ ಊದಿ ಆಗಿತ್ತು, ಉಳಿದವರೆಲ್ಲ ಎದ್ದು ಕುಣಿಯುತ್ತಿದ್ದರು, ಅವನು ಮಾತ್ರ ಇನ್ನೂ ಎದ್ದಿರಲಿಲ್ಲ.

ರೊಸಾಲ್ಬಾ ಗಾಬರಿಯಿಂದ ವೆಂಡೆಲ್‌ನ ತೋಳು ಜಗ್ಗಿದಳು. ಅವನಿಗೆ ತುಟಿ ಕಾಣುವಂತೆ, ತನಗೆ ಬರುವ ಅಷ್ಟಿಷ್ಟು ಮಾತಿನಲ್ಲಿ ಕೇಳಿದಳು: ‘ಏನು? ನನ್ನ ಮಗ... ಏನು ಮಾಡ್ದ?’

‘ಏನೂ ಮಾಡ್ಲಿಲ್ಲ!’ ಎಂದು ವೆಂಡೆಲ್ ಕಿವಿ ಕೇಳಿಸದವರು ಕೂಗುವಂತೆ ಕೂಗಿದ. ಸುತ್ತ ನಾಲ್ಕು ಸಾಲಿನ ಜನ, ಅವರಲ್ಲಿ ಗೇಲೆನ್ ತೇಸರ್ ಕೂಡ, ತಿರುಗಿ ನೋಡಿದರು. ‘ಏನೇನೂ ಮಾಡ್ಲಿಲ್ಲ! ಅಲ್ಲಾಡ್ಲೇ ಇಲ್ಲ ತಾಯೀ ನಿಮ್ಮ ಮಗ!’

ಏನೂ ಮಾಡದ್ದಕ್ಕೆ ಈ ದೊಡ್ಡ ಮನುಷ್ಯ ಯಾಕೆ ಅಳುತ್ತಿದ್ದಾನೆಂದು ರೊಸಾಲ್ಬಾಗೆ ತಿಳಿಯಲಿಲ್ಲ. ಆದರೂ ಎದ್ದುನಿಂತು ಎಲ್ಲರ ಜೊತೆ ಚಪ್ಪಾಳೆ ತಟ್ಟಿದಳು.